ಮುಚ್ಚಿಟ್ಟರೆ ಹೋಗದು ಬಾಯಿಯ ವಾಸನೆ

ಸುರಪುರ ತಾಲೂಕಿನ ಕಕ್ಕೇರಾದಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ.

"ನನ್ನ ಎಂಟು ವರ್ಷದ ಮಗಳು ರಾತ್ರಿ ಕೊರಳಿಗೆ ಜೋತುಬಿದ್ದು ಮಾತಾಡುತ್ತಾ ಮಲಗುವವಳು. ಕಳೆದ ತಿಂಗಳು ಮುಖ ತಿರುಗಿಸಿ, 'ಅಮ್ಮೀ, ನಿನ್ನ ಬಾಯಿ ವಾಸನೆ ಬರ್ತದ' ಎಂದಳು. ಮನೆಯವರು ಆ ಕಡೆ ತಿರುಗಿ ಮಲಗುವುದೇಕೆಂದು ನನಗೆ ಆಗ ತಿಳಿಯಿತು. ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಮದುವೆಗೂ ಅಕೀಕಾಕ್ಕೂ ಹೋಗುವುದನ್ನು ಬಿಟ್ಟಿದ್ದೇನೆ. ಹೊಟ್ಟೆ ಕೆಟ್ಟಿರಬೇಕೆಂದು ಗ್ಯಾಸಿನ ಮಾತ್ರೆ ನುಂಗಿದೆ. ಬಾಯಲ್ಲಿ ಸದಾ ಏಲಕ್ಕಿ ಇಲ್ಲವೇ ಲವಂಗ ಇರುತ್ತದೆ. ತವರಿನಲ್ಲಿದ್ದಾಗಿನಿಂದ ಮಿಶ್ರಿ ತಿಕ್ಕುವ ರೂಢಿ. ತಿಕ್ಕುವಾಗ ಸ್ವಲ್ಪ ರಕ್ತ ಬರುತ್ತದೆ, ಅಷ್ಟೇ. ನಾನೇನು ಮಾಡಲಿ?"

ಸಹೋದರಿ, ನಿಮ್ಮ ಪ್ರಶ್ನೆಗೆ ಉತ್ತರದ ಹೆಚ್ಚಿನ ಪಾಲು ನೀವು 'ಅಷ್ಟೇ' ಎಂದು ಬಿಟ್ಟುಬಿಟ್ಟ ಆ ರಕ್ತದಲ್ಲೇ ಇದೆ.

ಹೊಟ್ಟೆಯಲ್ಲ, ಬಾಯಿ

ಬಾಯಿಯ ವಾಸನೆ ಎಂದೊಡನೆ ನಾವು ಹೊಟ್ಟೆಯನ್ನು ದೂರುತ್ತೇವೆ. ಆದರೆ ಹತ್ತರಲ್ಲಿ ಎಂಟು-ಒಂಬತ್ತು ಮಂದಿಯಲ್ಲಿ ಅದರ ಮೂಲ ಬಾಯಿಯೇ. ಹಲ್ಲಿನ ಸಂದಿ, ವಸಡಿನ ಅಂಚು ಮತ್ತು ನಾಲಿಗೆಯ ಹಿಂಭಾಗದಲ್ಲಿ ಅಸಂಖ್ಯಾತ ಸೂಕ್ಷ್ಮಾಣುಗಳು ನೆಲೆಸಿರುತ್ತವೆ. ಅವು ಅಲ್ಲಿ ಉಳಿದ ಆಹಾರದ ಕಣ, ಸತ್ತ ಜೀವಕೋಶ, ರಕ್ತ ಎಲ್ಲವನ್ನೂ ಕೊಳೆಸಿ ಗಂಧಕ ಬೆರೆತ ಅನಿಲಗಳನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಕೂಡ ಇವುಗಳಲ್ಲೊಂದು.

ಹಲ್ಲಿನ ಬುಡದಲ್ಲಿ ಗಟ್ಟಿ ಪಾಚಿ ಕಟ್ಟಿದಾಗ ವಸಡು ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಹಾಗೇ ಬಿಟ್ಟರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು, ಕೊನೆಗೆ ಹಲ್ಲೇ ಅಲುಗಾಡುತ್ತದೆ. ಈ ವಾಸನೆ ಏಲಕ್ಕಿಯಿಂದ ಅರ್ಧ ಗಂಟೆ ಮರೆಯಾದೀತು, ರೋಗ ವಾಸಿಯಾಗದು.

ಮಿಶ್ರಿಯೆಂದರೆ ಹುರಿದು ಪುಡಿ ಮಾಡಿದ ತಂಬಾಕು. ಅದನ್ನು ತಿಕ್ಕಿದಾಗ ಹಲ್ಲು ಸ್ವಚ್ಛವಾದಂತೆ ತೋರುತ್ತದೆ. ನಿಜವಾಗಿ ಅದು ವಸಡನ್ನು ಕೆಡಿಸುತ್ತದೆ, ಚಟ ಹಿಡಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಗಂಡಸರ ಗುಟ್ಕಾ ಕೂಡ ಇದೇ ಸಾಲಿನದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂದು ಬಾಯಲ್ಲಿ ಒಂದಾಗತೊಡಗಿದವು.

ನಮ್ಮ ಊಟ, ನಮ್ಮ ಬಿಸಿಲು

ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಖಾರ, ಶೇಂಗಾ ಹಿಂಡಿ ನಿಮ್ಮ ಕಡೆಯ ನಿತ್ಯದ ಊಟ. ಇದನ್ನು ಬಿಡಬೇಕಿಲ್ಲ. ಬಳ್ಳೊಳ್ಳಿಯ ವಾಸನೆ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುವುದರಿಂದ ಹಲ್ಲುಜ್ಜಿದರೂ ಕೆಲ ಗಂಟೆ ಉಳಿಯುತ್ತದೆ, ತಾನಾಗಿ ಹೋಗುತ್ತದೆ. ಊಟದ ಜೊತೆ ಮೊಸರು ಅಥವಾ ಒಂದಿಷ್ಟು ಪುದೀನ ಎಲೆ ಇದ್ದರೆ ಕಡಿಮೆಯಾಗುತ್ತದೆ. ಹಸಿ ಬಳ್ಳೊಳ್ಳಿ, ಉಳ್ಳಾಗಡ್ಡಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ಹೇಳಿದ್ದು ಪಕ್ಕದಲ್ಲಿ ನಿಂತವರ ಮೇಲಿನ ಕಾಳಜಿಯಿಂದ.

ಇನ್ನೊಂದು ಕಾರಣ ಒಣ ಬಾಯಿ. ಎಂಜಲು ಬಾಯಿಯನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಅದು ಕಡಿಮೆಯಾಗುವುದರಿಂದಲೇ ಬೆಳಗ್ಗೆ ಎಲ್ಲರ ಬಾಯೂ ವಾಸನೆ. ಬೇಸಿಗೆಯಲ್ಲಿ ಹೊಲಕ್ಕೆ ಹೋಗುವ ಅನೇಕ ಹೆಣ್ಣುಮಕ್ಕಳು ಬಯಲಿಗೆ ಹೋಗಬೇಕಾದೀತೆಂಬ ಸಂಕೋಚದಿಂದ ನೀರನ್ನೇ ಕುಡಿಯುವುದಿಲ್ಲ. ಬಾಯಿ ಒಣಗುವುದು ಹಾಗಿರಲಿ, ಇದರಿಂದ ಮೂತ್ರದ ತೊಂದರೆಯೂ ಬರುತ್ತದೆ. ದಯವಿಟ್ಟು ನೀರು ಕುಡಿಯಿರಿ. ರಕ್ತದೊತ್ತಡ, ಅಲರ್ಜಿಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಹಾಗೆನಿಸಿದರೆ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಉಪವಾಸಿಗನ ಬಾಯಿಯ ವಾಸನೆ ಅಲ್ಲಾಹನ ಬಳಿ ಕಸ್ತೂರಿಗಿಂತ ಉತ್ತಮವೆಂಬ ಹದೀಸ್ ಎಲ್ಲರಿಗೂ ಗೊತ್ತು. ಅದು ಉಪವಾಸಿಗನಿಗೆ ಸಮಾಧಾನ, ಸ್ವಚ್ಛತೆ ಬಿಡಲು ಅನುಮತಿಯಲ್ಲ. ಸಹರಿಯ ಬಳಿಕ ಮತ್ತು ರಾತ್ರಿ ಮಲಗುವಾಗ ಹಲ್ಲುಜ್ಜಿ. ಹಗಲು ಮಿಸ್ವಾಕ್ ಬಳಸಬಹುದು.

ಇಂದಿನಿಂದ ಏನು ಮಾಡಬೇಕು?

* ಮಿಶ್ರಿ ನಿಲ್ಲಿಸಿ. ಮೊದಲ ಕೆಲವು ದಿನ ತಲೆನೋವು, ಸಿಡುಕು ಇರಬಹುದು. ಮನೆಯವರಿಗೆ ಹೇಳಿಟ್ಟು ಬಿಡಿ.
* ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ, ಎರಡು ನಿಮಿಷ, ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ. ರಾತ್ರಿಯದ್ದನ್ನು ತಪ್ಪಿಸಬೇಡಿ. ರಕ್ತ ಬಂತೆಂದು ಆ ಜಾಗವನ್ನು ಬಿಡಬೇಡಿ.
* ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಕೆರೆಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ.
* ಮಿಸ್ವಾಕ್ ಅಥವಾ ಬೇವಿನ ಕಡ್ಡಿಯಾದರೆ ತುದಿಯನ್ನು ಚೆನ್ನಾಗಿ ಜಗಿದು ಎಳೆಎಳೆ ಮಾಡಿ, ಹಲ್ಲಿನ ಒಳಬದಿಗೂ ಮುಟ್ಟಿಸಿ.
* ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ. ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ ರಾತ್ರಿ ತೆಗೆದು ತೊಳೆದಿಡಿ.

ಇಷ್ಟರಿಂದ ಕಟ್ಟಿದ ಪಾಚಿ ಹೋಗದು. ಅದನ್ನು ದಂತವೈದ್ಯರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಸಡಿಲ ಮಾಡಿದ್ದು ಪಾಚಿ. ಅದು ಮುಚ್ಚಿಕೊಂಡಿದ್ದ ಸಂದಿ ಆಮೇಲೆ ಕಾಣುತ್ತದೆ, ಅಷ್ಟೇ. ಮೊದಲು ಸುರಪುರದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಅಲ್-ಬದರ್ ದಂತ ಕಾಲೇಜು ಹಾಗೂ ನಿಜಲಿಂಗಪ್ಪ ದಂತ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಒಂದು ದಿನವೂ ತಡ ಮಾಡಬೇಡಿ. ಹಲ್ಲು, ವಸಡು ಸರಿಯಿದ್ದೂ ವಾಸನೆ ಹೋಗದಿದ್ದರೆ ಗಂಟಲು, ಮೂಗು ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ಮಾಡಿಸಬೇಕು.

ಮನೆಯವರಿಗೊಂದು ಮಾತು

ತನ್ನ ಬಾಯಿಯ ವಾಸನೆ ತನಗೆ ತಿಳಿಯದು, ಮೂಗಿಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಆದ್ದರಿಂದ ಯಾರಾದರೂ ಹೇಳಲೇಬೇಕು. ವರ್ಷಗಟ್ಟಲೆ ಮುಖ ತಿರುಗಿಸಿ ಮಲಗುವುದಕ್ಕಿಂತ, ಇಬ್ಬರೇ ಇರುವಾಗ "ನಿನ್ನ ವಸಡು ಸರಿಯಿಲ್ಲ ಅನಿಸ್ತದ, ಬಾ ತೋರಿಸಿಕೊಂಡು ಬರೋಣ" ಎನ್ನುವುದು ಪ್ರೀತಿ. ಅತ್ತೆ, ನಾದಿನಿಯರ ಮುಂದೆ ಹೇಳಿದರೆ ಅದೇ ಮಾತು ಅವಮಾನ. ಗಂಡನ ಬಾಯಲ್ಲಿ ಗುಟ್ಕಾ ಇದ್ದರೆ ಹೆಂಡತಿಗೂ ಹೀಗೆ ಹೇಳುವ ಹಕ್ಕಿದೆ.

ಸಹೋದರಿ, ನಿಮ್ಮ ಮಗಳ ಮೇಲೆ ಮುನಿಸಿಕೊಳ್ಳಬೇಡಿ. ದೊಡ್ಡವರು ಹೇಳಲಾರದ್ದನ್ನು ಅವಳು ಹೇಳಿದಳು. ನಾಳೆ ರಾತ್ರಿ ಹಲ್ಲುಜ್ಜುವಾಗ ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವಳ ಕೈಗೆ ಮಿಶ್ರಿಯ ಡಬ್ಬಿ ಬಾರದಿದ್ದರೆ ಈ ನೋವಿನಿಂದ ಒಂದು ಒಳಿತಾದಂತೆ.