'ನ್ಯಾಚುರಲ್' ಎಂದಾಕ್ಷಣ ನಂಬಬಹುದೇ? ಎಟ್ನಾ ಜ್ವಾಲಾಮುಖಿಯ ರೆಡ್ ವೈನ್ ಎತ್ತಿರುವ ಪ್ರಶ್ನೆ

ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಎಟ್ನಾ, ಯುರೋಪಿನ ಅತ್ಯಂತ ಸಕ್ರಿಯ ಜ್ವಾಲಾಮುಖಿಗಳಲ್ಲೊಂದು. ಆಗಾಗ ಬೂದಿ, ಲಾವಾ ಉಗುಳುವ ಈ ಪರ್ವತದ ಇಳಿಜಾರಿನಲ್ಲೇ ದ್ರಾಕ್ಷಿ ತೋಟಗಳಿವೆ. ಇಲ್ಲಿನ 'ನ್ಯಾಚುರಲ್' ರೆಡ್ ವೈನ್‌ಗೆ ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ಬೇಡಿಕೆ ಹೆಚ್ಚಿದೆ. ಆದರೆ 'ನ್ಯಾಚುರಲ್ ವೈನ್' ಎಂದರೆ ಏನು ಎಂಬುದಕ್ಕೆ ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ.

ಲಾವಾ ಮಣ್ಣಿನ ವರ

19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರುಗಳಿಗೆ ದಾಳಿಯಿಟ್ಟು ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ಮರಳು ಮರಳಾದ ಮಣ್ಣಿನಲ್ಲಿ ಈ ಕೀಟ ಸುಲಭವಾಗಿ ಬದುಕುವುದಿಲ್ಲ. ಹಾಗಾಗಿ ಎಟ್ನಾದ ಕೆಲವೆಡೆ ಕಸಿ ಮಾಡದ ಹಳೆಯ ಬಳ್ಳಿಗಳು ಇಂದಿಗೂ ಉಳಿದಿವೆ. ಲಾವಾ ಕಲ್ಲಿನ ಗೋಡೆ ಕಟ್ಟಿದ ಕಿರಿದಾದ ಮೆಟ್ಟಿಲು ತೋಟಗಳಿಗೆ ದೊಡ್ಡ ಯಂತ್ರಗಳು ಹೋಗಲಾರವು. ಹೆಚ್ಚಿನದೆಲ್ಲ ಕೈಕೆಲಸ, ಖರ್ಚೂ ಹೆಚ್ಚು.

1968ರಲ್ಲೇ ಈ ಪ್ರದೇಶಕ್ಕೆ 'ಎಟ್ನಾ ಡಿಒಸಿ' ಎಂಬ ಮಾನ್ಯತೆ ಸಿಕ್ಕಿದೆ. ಈ ಹೆಸರಿನ ರೆಡ್ ವೈನ್‌ನಲ್ಲಿ ಕನಿಷ್ಠ ಶೇ.80ರಷ್ಟು ನೆರೆಲ್ಲೊ ಮಸ್ಕಲೇಸೆ ಎಂಬ ಸ್ಥಳೀಯ ತಳಿಯ ದ್ರಾಕ್ಷಿ ಇರಬೇಕು. ಊರು, ತಳಿ ಎರಡಕ್ಕೂ ನಿಯಮವಿದೆ. 'ನ್ಯಾಚುರಲ್' ಎಂಬ ಮಾತಿಗೆ ಮಾತ್ರ ಇಲ್ಲ.

ಹೇಳುವುದು ಒಂದು, ಅಳೆಯುವುದು ಹೇಗೆ?

ಸಾಮಾನ್ಯ ತಿಳಿವಳಿಕೆ ಇಷ್ಟು: ಸಾವಯವ ದ್ರಾಕ್ಷಿ, ಹಣ್ಣು ಮತ್ತು ವೈನ್‌ಮನೆಯಲ್ಲಿ ತಾನಾಗಿಯೇ ಇರುವ ಯೀಸ್ಟ್‌ನಿಂದ ಹುದುಗುವಿಕೆ, ಕೆಡದಂತೆ ಕಾಪಾಡುವ ಸಲ್ಫೈಟ್ ಇಲ್ಲದಿರುವುದು ಅಥವಾ ಅತಿ ಕಡಿಮೆ ಇರುವುದು. ಐರೋಪ್ಯ ನಿಯಮದ ಪ್ರಕಾರ ಸಿಹಿಯಲ್ಲದ ಸಾಮಾನ್ಯ ರೆಡ್ ವೈನ್‌ನಲ್ಲಿ ಲೀಟರ್‌ಗೆ 150 ಮಿ.ಗ್ರಾಂ., ಸಾವಯವ ರೆಡ್ ವೈನ್‌ನಲ್ಲಿ 100 ಮಿ.ಗ್ರಾಂ. ತನಕ ಸಲ್ಫೈಟ್ ಇರಬಹುದು. ಫ್ರಾನ್ಸ್ 2020ರಲ್ಲಿ 'ವ್ಯಾನ್ ಮೆಥೋಡ್ ನಾಚ್ಯೂರ್' ಎಂಬ ಗುರುತಿಗೆ ಒಪ್ಪಿಗೆ ನೀಡಿ, 30 ಮಿ.ಗ್ರಾಂ. ಮಿತಿ ಹಾಕಿತು. ಇದು ಸೇರುವವರಿಗಷ್ಟೇ ಅನ್ವಯ, ಕಡ್ಡಾಯವಲ್ಲ.

ಹೊಸ ಲೇಬಲ್‌ನಲ್ಲೂ ಒಂದು ಕಿಂಡಿ

2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಐರೋಪ್ಯ ಒಕ್ಕೂಟ ಘಟಕಾಂಶಗಳ ಪಟ್ಟಿಯನ್ನು ಕಡ್ಡಾಯ ಮಾಡಿದೆ. ಅದನ್ನು ಕ್ಯೂಆರ್ ಕೋಡ್ ಮೂಲಕವೂ ಕೊಡಬಹುದು. ಗ್ರಾಹಕರಿಗೆ ಇದು ದೊಡ್ಡ ಗೆಲುವೇ. ಆದರೆ ಯೀಸ್ಟ್ ಅನ್ನು 'ತಯಾರಿಕೆಗೆ ನೆರವಾಗುವ ವಸ್ತು' ಎಂದು ಪರಿಗಣಿಸುವುದರಿಂದ ಪಟ್ಟಿಯಲ್ಲಿ ಹಾಕಬೇಕಿಲ್ಲ. ತೋಟದ ಯೀಸ್ಟೇ, ಪ್ಯಾಕೆಟ್ ಯೀಸ್ಟೇ ಎಂಬ ಮುಖ್ಯ ಪ್ರಶ್ನೆಗೆ ಲೇಬಲ್‌ನಲ್ಲಿ ಉತ್ತರ ಸಿಗದು.

ಇದರ ನಷ್ಟ ಯಾರಿಗೆ? ಹುಳಿಯುವ ಅಪಾಯವನ್ನು ಮೈಮೇಲೆ ಹಾಕಿಕೊಂಡು ಪ್ರಾಮಾಣಿಕವಾಗಿ ವೈನ್ ಮಾಡುವ ಸಣ್ಣ ಬೆಳೆಗಾರನಿಗೆ. ಆ ಪದವನ್ನು ಪ್ರಚಾರಕ್ಕಷ್ಟೇ ಬಳಸುವವರ ಸಾಲಿನಲ್ಲೇ ಆತನೂ ನಿಲ್ಲಬೇಕು. ಬಿಗಿ ನಿಯಮ ಬಂದರೆ ಪ್ರಮಾಣಪತ್ರದ ಖರ್ಚು, ಕಾಗದಪತ್ರದ ಹೊರೆಯೂ ಅವನ ಮೇಲೆಯೇ ಹೆಚ್ಚು ಬೀಳುತ್ತದೆ. ಹಾಗಾಗಿ ಈ ಚಳವಳಿಯೊಳಗೇ ನಿಯಮ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ.

ನಮಗೇಕೆ ಈ ಚರ್ಚೆ?

ಭಾರತ ವಿದೇಶಿ ವೈನ್ ಮೇಲೆ ಬಹುಕಾಲ ಶೇ.150ರಷ್ಟು ಆಮದು ಸುಂಕ ವಿಧಿಸುತ್ತ ಬಂದಿದೆ. ಅದರ ಮೇಲೆ ರಾಜ್ಯಗಳ ತೆರಿಗೆಗಳಿವೆ. 2022ರ ಒಪ್ಪಂದದಂತೆ ಆಸ್ಟ್ರೇಲಿಯಾದ ದುಬಾರಿ ವೈನ್‌ಗಳ ಸುಂಕ ಹಂತಹಂತವಾಗಿ ಇಳಿಯುತ್ತಿದೆ. ಮುಂಬೈ, ದೆಹಲಿಯಂಥ ನಗರಗಳಲ್ಲಿ ಇಂಥ ಬಾಟಲಿ ಕೊಳ್ಳುವವರು ವೈನ್‌ಗಷ್ಟೇ ಅಲ್ಲ, 'ನ್ಯಾಚುರಲ್' ಎಂಬ ಪದಕ್ಕೂ ಹಣ ತೆರುತ್ತಾರೆ.

ಹೀಗಾಗಿ ಕೇಳಬೇಕಾದ್ದು ಮೂರು: ಸಾವಯವ ಪ್ರಮಾಣಪತ್ರ ಇದೆಯೇ? ಒಟ್ಟು ಸಲ್ಫೈಟ್ ಎಷ್ಟು? ಯೀಸ್ಟ್ ಯಾವುದು? ಜತೆಗೆ, ಸಲ್ಫೈಟ್ ಕಡಿಮೆಯಾದ ಮಾತ್ರಕ್ಕೆ ವೈನ್ ಆರೋಗ್ಯಕರ ಪಾನೀಯವಾಗದು ಎಂಬುದನ್ನೂ ಮರೆಯಬಾರದು. ನ್ಯಾಚುರಲ್ ಆದರೂ ಅದರಲ್ಲಿರುವುದು ಆಲ್ಕೋಹಾಲೇ.