ಮನೆ ನೇಕಾರನ ಹೆಸರಿಗಾಗಲಿ, ಮುಂದಿನ ಬಡವನಿಗೂ ಮನೆ ಏಳಲಿ



ರಬಕವಿ-ಬನಹಟ್ಟಿ ಭಾಗದ ಕೈಮಗ್ಗ ನೇಕಾರರ ಒಂದು ಬೇಡಿಕೆ ಹಲವು ಸರ್ಕಾರಗಳ ಮುಂದೆ ಹೋಗಿ ಬಂದಿದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ತನ್ನ ನೇಕಾರರಿಗಾಗಿ ನಿರ್ಮಿಸಿದ ಕಾಲೊನಿಗಳಲ್ಲಿ ವಾಸಿಸುತ್ತಿರುವ ಕುಟುಂಬಗಳು, ತಾವಿರುವ ಮನೆಯನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಕೇಳುತ್ತಿವೆ. ಮನವಿ ಪತ್ರಗಳು ಸಲ್ಲಿಕೆಯಾಗಿವೆ, ಧರಣಿಗಳು ನಡೆದಿವೆ, ಭರವಸೆಗಳೂ ದೊರೆತಿವೆ. ಈ ಬೇಡಿಕೆ ನ್ಯಾಯವಾದುದೆಂದು ನಾವು ಭಾವಿಸುತ್ತೇವೆ. ಆದರೆ ಅದರ ಜೊತೆಯಲ್ಲಿಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುತ್ತಿಲ್ಲ. ಈ ಮನೆಗಳು ಇಂದಿನ ನಿವಾಸಿಗಳ ಸ್ವತ್ತಾದ ಮೇಲೆ, ನಾಳೆ ಮನೆಯಿಲ್ಲದೆ ಬರುವ ಕುಟುಂಬಕ್ಕೆ ಮನೆ ಎಲ್ಲಿಂದ ಬರಬೇಕು? ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಕಂಡುಕೊಳ್ಳಬೇಕೆಂಬುದೇ ಈ ಲೇಖನದ ಆಶಯ.

ಮನೆಯೂ ಕಾಯಕದ ನೆಲೆಯೂ ಒಂದೇ

ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1975ರಲ್ಲಿ. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಸಹಕಾರ ಸಂಘಗಳ ಆಸರೆಯಿಲ್ಲದ ನೇಕಾರರಿಗೆ ನೂಲು ಕೊಟ್ಟು, ನೇಯ್ದ ಬಟ್ಟೆಯನ್ನು ಮರಳಿ ಪಡೆದು, ಕೂಲಿ ನೀಡುವುದು ಅದರ ಮೂಲ ಕೆಲಸ. ಜನತಾ ಬಟ್ಟೆಯ ಕಾಲದಲ್ಲಿ, ಅನಂತರ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ಪೂರೈಸುವ ಕಾಲದಲ್ಲಿ, ಈ ವ್ಯವಸ್ಥೆಯೇ ನಮ್ಮ ಭಾಗದ ಅನೇಕ ಮನೆಗಳ ಒಲೆ ಉರಿಸಿತು.

ನೇಕಾರನಿಗೆ ಮನೆಯೆಂದರೆ ಮಲಗಿ ಏಳುವ ಜಾಗ ಮಾತ್ರವಲ್ಲ. ಮಗ್ಗ ಹೂಡಲು ನೆಲ ಬೇಕು, ಬೆಳಕು ಬೇಕು, ಮಳೆನೀರು ನೂಲಿಗೆ ತಾಗದಂತಹ ಮಾಡು ಬೇಕು. ಗಂಡ ಮಗ್ಗದಲ್ಲಿ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ವಯಸ್ಸಾದವರೂ ಕೈಲಾದ ಕೆಲಸಕ್ಕೆ ನೆರವಾಗುತ್ತಾರೆ. ಕಾಯಕವೂ ಸಂಸಾರವೂ ಒಂದೇ ಸೂರಿನಡಿ ನಡೆಯುವ ವೃತ್ತಿ ಇದು. ವಾಸದ ಕೋಣೆಯೊಂದಿಗೆ ಮಗ್ಗದ ಕೋಣೆಯನ್ನೂ ಸೇರಿಸಿ ಕಟ್ಟಿದ ಮನೆಗಳ ಯೋಜನೆ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಶರಣರಲ್ಲಿ ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರಾಗಿದ್ದರೆಂಬುದನ್ನು ನೆನೆಯುವ ನಮಗೆ, ಮಗ್ಗ ಮತ್ತು ಮನೆಯ ಈ ನಂಟು ಹೊಸದೇನಲ್ಲ.

ಆದರೆ ಕಾಲ ಬದಲಾಯಿತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹೆಚ್ಚಿತು, ಕೈಮಗ್ಗಗಳು ಒಂದೊಂದಾಗಿ ನಿಂತವು. ನಿಗಮದಿಂದ ಬರುವ ನೂಲು ಕಡಿಮೆಯಾದಾಗ ಕೂಲಿಯೂ ಕಡಿಮೆಯಾಯಿತು. ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದರು. ಇಲ್ಲಿಯೇ ತೊಡಕು ಆರಂಭವಾಗುತ್ತದೆ. ಮನೆ ದೊರೆತದ್ದು ಮಗ್ಗದ ಕಾರಣದಿಂದ. ಹಾಗಿರುವಾಗ ಮಗ್ಗ ನಿಂತರೆ ಮನೆಯ ಮೇಲಿನ ಅಧಿಕಾರವೂ ನಿಲ್ಲುವುದೇ? ನೇಯ್ದ ತಂದೆ ಲಿಂಗೈಕ್ಯನಾದರೆ, ನೇಯದ ಮಗನಿಗೆ ಆ ಮನೆಯಲ್ಲಿರುವ ಹಕ್ಕು ಯಾವುದು? ಕಾಗದದಲ್ಲಿ ಸ್ಪಷ್ಟ ಉತ್ತರವಿಲ್ಲದಿದ್ದರೆ ಕುಟುಂಬವು ಸದಾ ಅಂಜಿಕೆಯಲ್ಲಿಯೇ ಬದುಕಬೇಕಾಗುತ್ತದೆ.

ಉತಾರದಲ್ಲಿ ಹೆಸರಿಲ್ಲದ ಬದುಕು

ನಮ್ಮ ಭಾಗದಲ್ಲಿ ಮನೆಯ ಮಾತು ಬಂದಾಗ ಮೊದಲು ಕೇಳುವುದು ‘ಉತಾರ ಯಾರ ಹೆಸರಿನಲ್ಲಿದೆ?’ ಎಂದು. ಉತಾರದಲ್ಲಿ ಹೆಸರಿಲ್ಲದವನಿಗೆ ಬ್ಯಾಂಕು ಮನೆಯ ಆಧಾರದ ಮೇಲೆ ಸಾಲ ಕೊಡುವುದಿಲ್ಲ. ಮಾಡು ಸೋರಿದರೆ ದುರಸ್ತಿ ಮಾಡಿಸುವುದು ಯಾರ ಹೊಣೆಯೆಂಬುದೇ ಇತ್ಯರ್ಥವಾಗುವುದಿಲ್ಲ. ಮನೆ ನಿಗಮದ್ದೆಂದು ನಿವಾಸಿ ಕೈಕಟ್ಟಿ ಕುಳಿತರೆ, ಇರುವವರೇ ನೋಡಿಕೊಳ್ಳಲೆಂದು ನಿಗಮ ಸುಮ್ಮನಾದರೆ, ಗೋಡೆ ಮಾತ್ರ ಕಾಯುವುದಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ನೆರವು ನಿಗದಿಯಾಗಿತ್ತು. ಅದಕ್ಕೂ ನೆಲ ತನ್ನದೆಂಬ ದಾಖಲೆ ಬೇಕು. ಹೀಗೆ ಒಂದು ಕಾಗದದ ಕೊರತೆ ಇತರ ಸೌಲಭ್ಯಗಳ ಬಾಗಿಲನ್ನೂ ಮುಚ್ಚುತ್ತದೆ.

ವಾಸಿಸುವವನಿಗೆ ಒಡೆತನ ನೀಡಬೇಕೆಂಬ ತತ್ತ್ವವನ್ನು ನಮ್ಮ ರಾಜ್ಯ ಈಗಾಗಲೇ ಒಪ್ಪಿಕೊಂಡಿದೆ. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿಸಿತು. ಅನಂತರ ಅದೇ ಕಾಯ್ದೆಗೆ ಬಂದ ತಿದ್ದುಪಡಿಯು ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸಿಸುವವನನ್ನೇ ಮನೆಯೊಡೆಯನೆಂದು ಒಪ್ಪಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯ ನಡೆಯಿತು. ಒಂದೆಡೆ ಒಪ್ಪಿದ ನ್ಯಾಯವನ್ನು ನೇಕಾರ ಕಾಲೊನಿಯ ಬಾಗಿಲಲ್ಲಿ ನಿಲ್ಲಿಸಲು ಕಾರಣವಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಭಕ್ತರು ಅರಿತಿರಬೇಕು. ತಾಂಡಾಗಳ ವಿಷಯದಲ್ಲಿ ಕಂದಾಯ ಇಲಾಖೆಯೇ ಹಕ್ಕುಪತ್ರ ಕೊಡುತ್ತದೆ. ನಿಗಮದ ಕಾಲೊನಿಯ ದಾರಿ ಬೇರೆ. ನಿಗಮದ ಆಡಳಿತ ಮಂಡಳಿ ನಿರ್ಣಯಿಸಬೇಕು, ಸರ್ಕಾರ ಒಪ್ಪಿಗೆ ನೀಡಬೇಕು, ಪ್ರತಿ ಮನೆಯ ಅಳತೆಯಾಗಬೇಕು, ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಬೇಕು, ಕೊನೆಗೆ ನಗರಸಭೆಯ ಖಾತೆಯಲ್ಲಿ ಹೆಸರು ಸೇರಬೇಕು. ಇವುಗಳಲ್ಲಿ ಒಂದು ಕೊಂಡಿ ತಪ್ಪಿದರೂ ವೇದಿಕೆಯ ಮೇಲೆ ಪಡೆದ ಪತ್ರವು ಗೋಡೆಗೆ ತೂಗುಹಾಕುವ ಚಿತ್ರವಾಗಿ ಉಳಿಯುತ್ತದೆ. ಆದುದರಿಂದ ಬೇಡಿಕೆಯು ಬರಿಯ ಹಕ್ಕುಪತ್ರಕ್ಕಲ್ಲ, ನೋಂದಾಯಿತ ಕ್ರಯಪತ್ರ ಮತ್ತು ಖಾತೆಗೆ ಎಂಬುದು ಸ್ಪಷ್ಟವಾಗಿರಬೇಕು.

ಮಾರಿದವರು ಕಂಡ ಎರಡು ಫಲ

ಸಾರ್ವಜನಿಕ ಹಣದಿಂದ ಕಟ್ಟಿದ ಮನೆಗಳನ್ನು ಅವುಗಳಲ್ಲಿ ವಾಸಿಸುವವರಿಗೇ ಮಾರುವ ಪ್ರಯೋಗವನ್ನು ಬೇರೆ ದೇಶಗಳೂ ಮಾಡಿವೆ. ಇಂಗ್ಲೆಂಡಿನಲ್ಲಿ 1980ರ ವಸತಿ ಕಾಯ್ದೆಯು ಸ್ಥಳೀಯ ಸಂಸ್ಥೆಗಳ ಬಾಡಿಗೆ ಮನೆಗಳಲ್ಲಿದ್ದವರಿಗೆ ಆ ಮನೆಗಳನ್ನು ಭಾರಿ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ನೀಡಿತು. ಅಲ್ಲಿಂದೀಚೆಗೆ ಸುಮಾರು 20 ಲಕ್ಷ ಮನೆಗಳು ಮಾರಾಟವಾದವು. ಕೊಂಡ ದುಡಿಯುವ ಕುಟುಂಬಗಳಿಗೆ ಅದು ನಿಜವಾದ ಭಾಗ್ಯವೇ ಆಗಿತ್ತು. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಮಾರಾಟದ ಹಣವನ್ನೆಲ್ಲ ಹೊಸ ಮನೆಗಳಿಗೆ ಬಳಸುವ ಸ್ವಾತಂತ್ರ್ಯವೂ ಸ್ಥಳೀಯ ಸಂಸ್ಥೆಗಳಿಗೆ ಇರಲಿಲ್ಲ. ಮಾರಾಟವಾದ ಅನೇಕ ಮನೆಗಳು ಕಾಲಾನಂತರ ಖಾಸಗಿ ಮಾಲೀಕರ ಕೈ ಸೇರಿ ಹೆಚ್ಚಿನ ಬಾಡಿಗೆಗೆ ಹೋದವು. ಕೊನೆಗೆ ಸ್ಕಾಟ್ಲೆಂಡ್ 2016ರಲ್ಲಿಯೂ ವೇಲ್ಸ್ 2019ರಲ್ಲಿಯೂ ಈ ಮಾರಾಟವನ್ನು ನಿಲ್ಲಿಸಿದವು.

ಸಿಂಗಪುರದ ಕಥೆ ಬೇರೆ. ಅಲ್ಲಿ 1960ರಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು, 1964ರಿಂದ ಮನೆಗಳನ್ನು ಜನರಿಗೆ ಮಾರುವ ಯೋಜನೆ ಜಾರಿಗೆ ಬಂದಿತು. ಮನೆ ಕೊಡುವುದು 99 ವರ್ಷಗಳ ಗುತ್ತಿಗೆಯ ಮೇಲೆ. ಕೊಂಡವರು ನಿಗದಿತ ವರ್ಷಗಳ ಕಾಲ ಅದೇ ಮನೆಯಲ್ಲಿ ವಾಸಿಸಿದ ಮೇಲೆಯೇ ಮಾರಬಹುದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಮಂಡಳಿಯು ಮಾರುತ್ತಲೇ ಕಟ್ಟುವುದನ್ನೂ ನಿಲ್ಲಿಸಲಿಲ್ಲ. ಇಂದು ಆ ದೇಶದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ.

ಈ ಎರಡು ದೇಶಗಳ ಸಂಪತ್ತು, ಕಾನೂನು, ಜನಸಂಖ್ಯೆ ನಮ್ಮಂತಿಲ್ಲ. ಆದರೆ ಅವು ಕಲಿಸುವ ಪಾಠ ನಮ್ಮ ತಾಲ್ಲೂಕುಗಳಿಗೂ ಸಲ್ಲುತ್ತದೆ. ಮನೆ ಮಾರಿದ್ದರಿಂದ ಕೊರತೆ ಹುಟ್ಟಲಿಲ್ಲ, ಮಾರಿ ಕಟ್ಟದೆ ಉಳಿದದ್ದರಿಂದ ಹುಟ್ಟಿತು.

ಸರದಿಯಲ್ಲಿ ನಿಂತವರು ಯಾರು?

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಗಾಗಿ ಕಾದವರು ಕಡಿಮೆಯಿಲ್ಲ. ಬನಹಟ್ಟಿ, ರಬಕವಿಗಳಲ್ಲಿ ಪರರ ವಿದ್ಯುತ್ ಮಗ್ಗಗಳಲ್ಲಿ ದುಡಿದು ಬಾಡಿಗೆ ಕೋಣೆಯಲ್ಲಿ ಸಂಸಾರ ನಡೆಸುವವರಿದ್ದಾರೆ. ಮುಧೋಳದ ಕಬ್ಬಿನ ಸೀಮೆಯಲ್ಲಿ ಕೂಲಿಯನ್ನೇ ನಂಬಿದ ಕುಟುಂಬಗಳಿವೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಕೃಷ್ಣೆಯು ಜಮಖಂಡಿ ತಾಲ್ಲೂಕಿನ ದಡದ ಊರುಗಳನ್ನೂ, ಘಟಪ್ರಭೆಯು ಮುಧೋಳ ತಾಲ್ಲೂಕಿನ ಊರುಗಳನ್ನೂ ಮುಳುಗಿಸಿದ್ದನ್ನು ಯಾರೂ ಮರೆತಿಲ್ಲ. ಪೂರ್ಣವಾಗಿ ಬಿದ್ದ ಮನೆಗೆ ಸರ್ಕಾರ ಆಗ 5 ಲಕ್ಷ ರೂಪಾಯಿ ಘೋಷಿಸಿತಾದರೂ, ಅದೇ ದಡದಲ್ಲಿ ಮತ್ತೆ ಮನೆ ಕಟ್ಟುವುದೋ ಎತ್ತರದ ನೆಲಕ್ಕೆ ಹೋಗುವುದೋ ಎಂಬ ಪ್ರಶ್ನೆ ಮಳೆಗಾಲ ಬಂದಾಗಲೆಲ್ಲ ಏಳುತ್ತದೆ.

ಬೀಳಗಿಯದು ಮತ್ತೊಂದು ಬಗೆಯ ಸಂಕಟ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತದಲ್ಲಿ ಇನ್ನೂ 20 ಗ್ರಾಮಗಳು ಸ್ಥಳಾಂತರಗೊಳ್ಳಬೇಕಾಗುತ್ತದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೀರ್ಮಾನಿಸಿದೆ. ಜಮೀನಿದ್ದವರಿಗೆ ಈ ಹಣ ಬರುತ್ತದೆ. ಆ ಊರುಗಳಲ್ಲಿ ಜಮೀನಿಲ್ಲದೆ ದುಡಿಯುವವರಿಗೆ ಬೇಕಾದದ್ದು ಮನೆ ಮತ್ತು ಕೆಲಸ.

ಇಷ್ಟು ಜನ ಕಾದಿರುವಾಗ, ಇರುವ ಸಾರ್ವಜನಿಕ ಮನೆಗಳು ಒಂದೇ ತಲೆಮಾರಿಗೆ ಮುಗಿದುಹೋಗಬಾರದು. ಆಶ್ರಯ ಮನೆಗಳಲ್ಲಿ ನಮ್ಮ ಕಣ್ಣೆದುರೇ ನಡೆಯುವುದನ್ನು ನೋಡಿ. ನಿಗದಿತ ಅವಧಿಯವರೆಗೆ ಪರಭಾರೆ ಮಾಡಬಾರದೆಂಬ ಷರತ್ತಿದ್ದರೂ, ಕಷ್ಟ ಬಂದಾಗ ಬಾಂಡ್ ಪೇಪರಿನ ಕರಾರಿನ ಮೇಲೆ ಮನೆ ಕೈಬದಲಾಗುವುದುಂಟು. ಮಾರಿದವನು ಬಾಡಿಗೆಗೆ ಹೋಗುತ್ತಾನೆ. ಕೊಂಡವನಿಗೂ ಗಟ್ಟಿ ದಾಖಲೆ ಇರುವುದಿಲ್ಲ. ಇಬ್ಬರಿಗೂ ನಷ್ಟ.

ಹೇಗೆ ಕೊಡಬೇಕು?

ಕೆಲವರು ನಿಗಮ ನಷ್ಟದಲ್ಲಿದೆ, ಇಂದಿನ ಮಾರುಕಟ್ಟೆ ಬೆಲೆಗೆ ಮನೆ ಮಾರಲಿ ಎನ್ನಬಹುದು. ಮಗ್ಗದ ಕೂಲಿಯಲ್ಲಿ ಬದುಕಿದವನಿಂದ ಆ ಬೆಲೆ ಹುಟ್ಟದು. ಹಾಗೆ ಮಾರಿದರೆ ಮನೆ ನೇಕಾರನಿಗಲ್ಲ, ಹಣವಂತನಿಗೆ ಸೇರುತ್ತದೆ. ಇನ್ನು ಕೆಲವರು ಏನನ್ನೂ ಪಡೆಯದೆ ಉಚಿತವಾಗಿ ಕೊಡಲಿ ಎನ್ನುತ್ತಾರೆ. ಆಗ ಮುಂದಿನ ಮನೆಗೆ ಹಣವೇ ಉಳಿಯುವುದಿಲ್ಲ. ಮನೆ ಕಟ್ಟಿದಾಗಿನ ವೆಚ್ಚವನ್ನು ಆಧಾರವಾಗಿಟ್ಟು, ಈಗಾಗಲೇ ಸಂದ ಹಣವನ್ನು ಕಳೆದು, ಉಳಿದುದನ್ನು ಸುಲಭ ಕಂತುಗಳಲ್ಲಿ ಪಡೆಯುವುದು ನ್ಯಾಯವೆಂದು ನಮಗೆ ತೋರುತ್ತದೆ. ಪೂರ್ಣವಾಗಿ ಸಲ್ಲಿಸಿದವರಿಂದ ಮತ್ತೆ ಕೇಳಬಾರದು. 2025ರ ಆಗಸ್ಟ್ ಅಂತ್ಯದಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಈ ಕುಟುಂಬಗಳಿಗೆ ಆ ಹೊರೆಯನ್ನು ಸರ್ಕಾರ ಇಳಿಸಿಕೊಡಬೇಕು.

ಹೀಗೆ ಬಂದ ಹಣ ನಿಗಮದ ದೈನಂದಿನ ಖರ್ಚಿನಲ್ಲಿ ಕರಗಿಹೋಗದೆ ಪ್ರತ್ಯೇಕ ಖಾತೆಯಲ್ಲಿರಬೇಕು. ಅದು ಹೊಸ ಮನೆಗಳಿಗೆ ಸಾಲದು, ನಿಜ. ಆದುದರಿಂದ ಮಾರಾಟದ ಆದೇಶದಲ್ಲಿಯೇ, ಎಷ್ಟು ಮನೆ ನೇಕಾರರ ಹೆಸರಿಗಾಗುವುದೋ ಅಷ್ಟು ಹೊಸ ಮನೆಗಳನ್ನು ಇದೇ ತಾಲ್ಲೂಕುಗಳಲ್ಲಿ ಕಟ್ಟಲು ನಿವೇಶನ ಮತ್ತು ಅನುದಾನವನ್ನು ಸರ್ಕಾರ ಗೊತ್ತುಪಡಿಸಬೇಕು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಬಸವ ವಸತಿ ಯೋಜನೆ ಮೊದಲಾದ ವ್ಯವಸ್ಥೆಗಳು ಈಗಾಗಲೇ ಇವೆ. ಹೊಸ ಇಲಾಖೆಯನ್ನೇನೂ ಹುಟ್ಟುಹಾಕಬೇಕಿಲ್ಲ.

ಕ್ರಯಪತ್ರವು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಇರಲಿ. ಬಸವ ವಸತಿಯಂತಹ ಯೋಜನೆಗಳಲ್ಲಿ ಮನೆಯನ್ನು ಮಹಿಳೆಯ ಹೆಸರಿಗೆ ಮಂಜೂರು ಮಾಡುವ ರೂಢಿಯಿದೆ. ಕಂಡಿಕೆ ಸುತ್ತಿದ ಕೈಗೂ ಮನೆಯಲ್ಲಿ ಪಾಲಿದೆ. ಕೆಲವು ವರ್ಷ ಪರಭಾರೆ ನಿಷೇಧವಿರಲಿ. ಅನಿವಾರ್ಯವಾಗಿ ಮಾರಬೇಕಾದವರಿಂದ ನ್ಯಾಯವಾದ ಬೆಲೆಗೆ ಮನೆಯನ್ನು ಮರಳಿ ಪಡೆದು ಮತ್ತೊಬ್ಬ ಅರ್ಹ ನೇಕಾರನಿಗೆ ಕೊಡುವ ವ್ಯವಸ್ಥೆಯೂ ಇರಲಿ. ಮೂಲ ಫಲಾನುಭವಿ ತೀರಿಕೊಂಡಿರುವ, ಇಲ್ಲವೆ ಬೇರೆಯವರು ವಾಸಿಸುತ್ತಿರುವ ಮನೆಗಳ ವಿಷಯವನ್ನು ಕಚೇರಿಯ ಕೋಣೆಯಲ್ಲಿ ತೀರ್ಮಾನಿಸದೆ, ಪಟ್ಟಿಯನ್ನು ಬಹಿರಂಗವಾಗಿ ಅಂಟಿಸಿ, ಆಕ್ಷೇಪಣೆ ಕೇಳಿ ಇತ್ಯರ್ಥಗೊಳಿಸಬೇಕು.

ಸಮಾಜದ ಪಾಲು

ಎಲ್ಲವನ್ನೂ ಸರ್ಕಾರದ ಹೆಗಲಿಗೇರಿಸಿ ನಾವು ಸುಮ್ಮನಿರಲಾಗದು. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, 1980ರ ದಶಕದ ಕೊನೆಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನದಿಗೆ ಅಡ್ಡಗಟ್ಟೆ ಕಟ್ಟಿದ ನಾಡಿಗೆ ಸಹಕಾರ ತತ್ತ್ವದಲ್ಲಿ ನಿವೇಶನ ಕೊಂಡು ಮನೆ ಕಟ್ಟುವುದು ಅಸಾಧ್ಯವೇನಲ್ಲ. ಉಳ್ಳವರು ನೀಡುವ ಭೂಮಿ, ಎಂಜಿನಿಯರರು ನೀಡುವ ಸಲಹೆ, ಯುವಕರು ನೀಡುವ ಶ್ರಮ ಇವೆಲ್ಲವೂ ದಾಸೋಹವೇ.

ಸದ್ಯಕ್ಕೆ ಕಾಲೊನಿಗಳ ನಿವಾಸಿಗಳು ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಮನೆ ಮಂಜೂರಾದ ಆದೇಶ, ಹಣ ಕಟ್ಟಿದ ರಸೀದಿ, ವಿದ್ಯುತ್ ಬಿಲ್ಲು, ನೇಕಾರರ ಗುರುತಿನ ಚೀಟಿ, ತೀರಿಕೊಂಡ ಹಿರಿಯರ ಮರಣ ಪ್ರಮಾಣಪತ್ರ, ವಂಶಾವಳಿ ಇವುಗಳನ್ನು ಒಂದೆಡೆ ಜೋಡಿಸಿಡಿ. ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳುವ ಮಧ್ಯವರ್ತಿಗೆ ಮೂಲ ಪತ್ರಗಳನ್ನು ಕೊಡಬೇಡಿ. ನಮ್ಮ ಭಕ್ತ ಬಳಗದ ವಕೀಲರು, ನಿವೃತ್ತ ಕಂದಾಯ ನೌಕರರು ವಾರಕ್ಕೆ ಕೆಲವು ತಾಸು ಈ ಕುಟುಂಬಗಳ ಕಾಗದ ನೋಡಿಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ.

ನೇಕಾರನಿಗೆ ಅವನ ಮನೆ ದೊರೆಯಲಿ, ತಡವಿಲ್ಲದೆ ದೊರೆಯಲಿ. ಅದೇ ಆದೇಶದಲ್ಲಿ ಮುಂದಿನ ಕುಟುಂಬದ ಮನೆಯ ಮಾತೂ ಬರೆದಿರಲಿ. ಜನಪ್ರತಿನಿಧಿಗಳನ್ನು ಭೇಟಿಯಾದಾಗ ಭಕ್ತರು ಈ ಎರಡನ್ನೂ ಒಟ್ಟಿಗೆ ಕೇಳಬೇಕೆಂಬುದು ನಮ್ಮ ವಿನಂತಿ.