ಹಗ್ಗವಿಲ್ಲದ ಊರಿಗೆ ಜೀವ ಉಳಿಸುವ ಹೊಣೆ

ಭಾನುವಾರದ ನಸುಕಿನಲ್ಲಿ ತಲಘಟ್ಟಪುರದ ಮೂಲಕ ಬೆಂಗಳೂರಿನ ಬೈಕುಗಳು ಸಾಲುಸಾಲಾಗಿ ಕನಕಪುರದತ್ತ ಸಾಗುತ್ತವೆ. ಹಲವರ ಗುರಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ, ಅದರಾಚೆಯ ಮೇಕೆದಾಟು. ಅಲ್ಲಿ ನದಿ ಕಿರಿದಾದ ಕಲ್ಲಿನ ಕಂದರದೊಳಗೆ ನುಗ್ಗುತ್ತದೆ. ನೀರು ಸವೆಸಿದ ಬಂಡೆಯ ಮೇಲೆ ಕಾಲು ಜಾರಿದರೆ ಈಜು ಬಲ್ಲವನೂ ಉಳಿಯುವುದು ಕಷ್ಟ. ಕೂಗು ಕೇಳಿದಾಗ ಮೊದಲು ಓಡಿಬರುವವರು ಯಾರು? ಮೀನು ಹಿಡಿಯುವವರು, ದನ ಕಾಯುವವರು, ದಡದ ಅಂಗಡಿಯವರು. ಅವರ ಕೈಯಲ್ಲಿ ಒಂದು ಗಟ್ಟಿ ಹಗ್ಗವಾದರೂ ಇದೆಯೇ?

2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಂಡೆಯಿಂದ ಸುಮಾರು 300 ಅಡಿ ಜಾರಿ ಸಿಲುಕಿದ್ದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಯಲಹಂಕದ ವಾಯುನೆಲೆ ಸಮೀಪದಲ್ಲಿತ್ತು. ಘಟ್ಟದ ಪ್ರತಿ ಪ್ರಪಾತದ ಬಳಿಯೂ ವಾಯುನೆಲೆಯಿದೆಯೇ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಮೇಲಿದ್ದವರು ಗಂಗಾವಳಿ ನದಿಯ ಪಾಲಾದರು. ಆಗ ಸೇನೆ, ನೌಕಾಪಡೆಗಳೊಂದಿಗೆ ಮಲ್ಪೆಯ ಈಶ್ವರ ಮಲ್ಪೆಯವರಂಥ ಸ್ವಯಂಸೇವಕರೂ ಆ ಸೆಳವಿಗೆ ಧುಮುಕಿದರು. ಕೊಚ್ಚಿಹೋದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ಇಂಥ ಧೈರ್ಯಕ್ಕೆ ಶಾಲು ಹೊದಿಸಿ ಮರೆಯುವುದು ನಾಡಿನ ವಾಡಿಕೆ. ಬ್ರಿಟನ್ನಿನಲ್ಲಿ 1824ರಲ್ಲಿ ಆರಂಭವಾದ ರಕ್ಷಣಾ ದೋಣಿ ಸಂಸ್ಥೆಯ ನಾವಿಕರಲ್ಲಿ ಹೆಚ್ಚಿನವರು ಇಂದಿಗೂ ಕರಾವಳಿಯ ಊರುಗಳ ಸ್ವಯಂಸೇವಕರೇ. ಆದರೆ ಅವರಿಗೆ ದೋಣಿಯಿದೆ, ಉಡುಪಿದೆ, ನಿಯತ ತರಬೇತಿಯಿದೆ. ಇಲ್ಲಿ 2016ರಲ್ಲಿ ಆರಂಭವಾದ 'ಆಪದಾ ಮಿತ್ರ' ಯೋಜನೆ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ನೀಡಿತು. ಒಳ್ಳೆಯದೇ. ಆದರೆ ವರ್ಷವರ್ಷವೂ ಅಭ್ಯಾಸವಿಲ್ಲದಿದ್ದರೆ ಗಂಟು ಹಾಕಲು ಕಲಿತ ಕೈಯೂ ಮರೆಯುತ್ತದೆ.

ಆದ್ದರಿಂದ ಪ್ರಪಾತ, ಜಲಪಾತ, ಕಡಲತೀರಗಳಿರುವ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ರಕ್ಷಣಾ ತಂಡ ಬೇಕು. ಮಳೆಗಾಲಕ್ಕೆ ಮುನ್ನ ಅಭ್ಯಾಸ ನಡೆಯಬೇಕು. ಹಗ್ಗ, ಹೆಲ್ಮೆಟ್, ಲೈಫ್ ಜಾಕೆಟ್, ಸ್ಟ್ರೆಚರ್ ಊರಿನಲ್ಲೇ ಇರಬೇಕು. ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಜೀವಕ್ಕೆ ವಿಮೆ ದೊರೆಯಬೇಕು. ಹಣವೆಲ್ಲಿ ಎಂದು ಕೇಳುವವರು ಪ್ರವಾಸಿಗರಿಂದ ವಸೂಲಾಗುವ ಪ್ರವೇಶ ಶುಲ್ಕ, ಪಾರ್ಕಿಂಗ್ ಶುಲ್ಕಗಳತ್ತ ನೋಡಲಿ.

ಇದರಿಂದ ಸರ್ಕಾರ ಹೊಣೆಯಿಂದ ಜಾರಿಕೊಳ್ಳುವುದೆಂಬ ಆಕ್ಷೇಪ ಉಂಟು. ಜಾರಿಕೊಳ್ಳಲು ಬಿಡಬಾರದು. ಬುಡ ಕಡಿದ ಗುಡ್ಡದ ಮಣ್ಣು ನೀರುಂಡು ಭಾರವಾದಾಗ ಯಾವ ಹಗ್ಗವೂ ಅದನ್ನು ಹಿಡಿದು ನಿಲ್ಲಿಸದು. ಗುಡ್ಡ ಕಡಿಯುವುದರ ವಿರುದ್ಧದ ಹೋರಾಟ ನಿಲ್ಲಬಾರದು. ಆದರೆ ಆ ಹೋರಾಟ ಗೆಲ್ಲುವವರೆಗೆ ಕಂದರದಲ್ಲಿ ಸಿಲುಕಿದವನು ಕಾಯಲಾರ. ಬೆಟ್ಟ ನೋಡಲು ಬರುವ ವಿದ್ಯಾರ್ಥಿಗಳೂ ಬೆಟ್ಟದ ಊರಿನವರೂ ಮುಂದಿನ ಮಳೆಗೆ ಮುನ್ನ ಒಂದೇ ಹಗ್ಗಕ್ಕೆ ಕೈ ಹಚ್ಚಲಿ.